ಕಿತ್ತೂರಿನ ವಿಳಾಸಕ್ಕೆ ಬಂದ ಸೈಕಲ್

ಡಿಸೆಂಬರ್ ಇಪ್ಪತ್ನಾಲ್ಕರ ಬೆಳಿಗ್ಗೆ ಎಂಟು ಗಂಟೆಗೇ ಬಸಲಿಂಗಪ್ಪ ಕಿತ್ತೂರಿನ ಹೈವೇ ದಂಡೆಯಲ್ಲಿದ್ದ ಸುಭಾಸನ ಟೈರ್ ಅಂಗಡಿಗೆ ಬಂದು ಕೂತಿದ್ದ. ಕೂತಿದ್ದ ಅನ್ನುವುದು ಹೆಸರಿಗೆ. ಐದು ನಿಮಿಷ ಬೆಂಚಿನ ಮೇಲೆ, ಐದು ನಿಮಿಷ ರಸ್ತೆಯ ಅಂಚಿನಲ್ಲಿ. ಬರುವ ಪ್ರತಿ ಸಣ್ಣ ವ್ಯಾನನ್ನೂ ಕತ್ತು ಉದ್ದ ಮಾಡಿ ನೋಡುವುದು, ಅದು ನಿಲ್ಲದೆ ಹೋದ ಮೇಲೆ ಕಿಸೆಯಿಂದ ಫೋನು ತೆಗೆಯುವುದು. ಫೋನಿನಲ್ಲಿ ಮೂರು ದಿನದಿಂದ ಒಂದೇ ಮಾತು: ನಿಮ್ಮ ಪಾರ್ಸಲ್ ದಾರಿಯಲ್ಲಿದೆ.

“ಬರತೈತಿ ತಗೋಪಾ. ಚಾ ಆರಾಕತ್ತೈತಿ, ಕುಡಿ ಮೊದಲ,” ಅಂದ ಸುಭಾಸ. ಇಬ್ಬರೂ ಒಂದೇ ಶಾಲೆಯಲ್ಲಿ ಕಲಿತವರು.

“ನಿನ್ನಿನೂ ಹಿಂಗ ಅಂದಿ.”

“ನಿನ್ನಿ ಅಂದಾಗ ನಿನ್ನ ಪಾರ್ಸಲ್ಲು ಪುಣೆದಾಗ ಇತ್ತು. ಇವತ್ತು ಇಲ್ಲೇ ಎಲ್ಲೋ ಐತಿ.”

ಬಸಲಿಂಗಪ್ಪನಿಗೆ ಅರವತ್ತೊಂದು. ಬೈಲಹೊಂಗಲದ ಬಜಾರಿನಲ್ಲಿ ಅವನದು ಬಟ್ಟೆ ಅಂಗಡಿ, ಮೇಲಾಗಿ ಅವನು ವರ್ತಕರ ಸಂಘದ ಕಾರ್ಯದರ್ಶಿ. ಆನ್‌ಲೈನ್ ಖರೀದಿಯ ವಿರುದ್ಧ ಬಜಾರಿನ ಪ್ರತಿ ಅಂಗಡಿಯ ಮುಂದೆ ಬೋರ್ಡು ತೂಗಹಾಕಿಸಿದವನು ಅವನೇ. ‘ನಮ್ಮ ಪ್ಯಾಟಿ, ನಮ್ಮ ಖರೀದಿ’ ಅನ್ನುವ ಮಾತನ್ನು ಬರೆದುಕೊಟ್ಟವನೂ ಅವನೇ. ಅಂಥವನು ಡಿಸೆಂಬರ್ ಮೊದಲ ವಾರದಲ್ಲಿ ಎರಡು ಮಧ್ಯಾಹ್ನ ಅಂಗಡಿಯ ಗಲ್ಲಾ ಪೆಟ್ಟಿಗೆಯ ಹಿಂದೆ ಕನ್ನಡಕ ಹಾಕಿಕೊಂಡು ಕೂತು, ಫೋನಿನಲ್ಲಿ ತಡಕಾಡಿ, ಮೂರು ಗಾಲಿಯ ಕೆಂಪು ಸೈಕಲ್ಲೊಂದನ್ನು ತರಿಸಲು ಒತ್ತಿದ್ದ. ವಿಳಾಸ ಮಾತ್ರ ಬೈಲಹೊಂಗಲದ್ದಲ್ಲ. ಸುಭಾಸನದು.

ಸೈಕಲ್ ತರಿಸಲು ಕಾರಣ ಮಗಳು ಮಧು. ಮಧು ರಾಮದುರ್ಗದ ಒಂದು ಆಸ್ಪತ್ರೆಯಲ್ಲಿ ನರ್ಸು. ನಾಲ್ಕು ವರ್ಷದ ಹಿಂದೆ ಅಲ್ಲಿಯೇ ಲ್ಯಾಬಿನಲ್ಲಿದ್ದ ಜಯಶೀಲ ಅನ್ನುವ ಕ್ರೈಸ್ತರ ಹುಡುಗನನ್ನು ಮದುವೆಯಾಗಿದ್ದಳು. ಅಂದಿನಿಂದ ಬಸಲಿಂಗಪ್ಪ ಅವಳ ಹೆಸರೆತ್ತಿರಲಿಲ್ಲ. ಬಜಾರಿನವರೂ ಅವನ ಎದುರು ಎತ್ತುತ್ತಿರಲಿಲ್ಲ. ಹೆಂಡತಿ ಗುರುಬಸವ್ವ ದಿನಾ ಅಡಗಿಮನೆಯಲ್ಲಿ ನಿಂತು ಮಗಳ ಕೂಡ ಮಾತಾಡುವುದು ಗೊತ್ತಿದ್ದರೂ ಗೊತ್ತಿಲ್ಲದವನ ಹಾಗೆ ಇದ್ದುಬಿಟ್ಟಿದ್ದ. ನವೆಂಬರ್ ಕೊನೆಗೆ ಒಂದು ಸಂಜೆ ಅವನ ಫೋನಿಗೇ ಕರೆ ಬಂತು. ಹೊಸ ನಂಬರು, ಎತ್ತಿದ. “ಅಪ್ಪಾಜಿ, ಕ್ರಿಸ್‌ಮಸ್ಸಿಗೆ ಬರ್ರಿ” ಅಂದಳು ಮಧು. ಅವನು ಕರೆ ಕಟ್ ಮಾಡಲಿಲ್ಲ. ಆ ಕಡೆ ಏನೋ ಸರಸರ ಸದ್ದಾಗಿ, ಒಂದು ಕೂಸಿನ ದನಿ ಕೇಳಿತು.

“ಅಜ್ಜಾ, ನಂಗ ಸೈಕಲ್ ತರ್ತಿ? ಕೆಂಪಂದು?”

ಮೊಮ್ಮಗಳು ರೂತ್. ಮೂರು ತುಂಬಿರಲಿಲ್ಲ. ಅವಳ ದನಿ ಅವನು ಕೇಳಿದ್ದು ಅದೇ ಮೊದಲು. “ಹೂಂ” ಅಂದುಬಿಟ್ಟ.

ಬೈಲಹೊಂಗಲದಲ್ಲಿ ಸೈಕಲ್ ಸಿಗುವುದಿಲ್ಲ ಅಂತಲ್ಲ. ಅವನ ಅಂಗಡಿಯ ಎದುರಿಗೇ, ರಸ್ತೆಯ ಆ ಕಡೆ, ಹನುಮಪ್ಪನ ಸೈಕಲ್ ಅಂಗಡಿ. ಹನುಮಪ್ಪನದು ಊರಂಚಿನ ದಲಿತರ ಓಣಿ; ಆ ಓಣಿಯವರು ಬಜಾರಿನಲ್ಲಿ ಅಂಗಡಿ ಹಾಕಿದ್ದು ಅದೊಂದೇ. ಸೈಕಲ್ ವ್ಯಾಪಾರ ಬಿದ್ದುಹೋದ ಮೇಲೆ ಅವನು ಆನ್‌ಲೈನ್ ಪಾರ್ಸಲ್‌ಗಳನ್ನು ಇಳಿಸಿಕೊಂಡು ಊರಿಗೆ ಹಂಚುವ ಕೆಲಸವನ್ನೂ ಹಿಡಿದಿದ್ದ. ಅದಕ್ಕೇ ಆಗಸ್ಟಿನ ಮೀಟಿಂಗಿನಲ್ಲಿ ನಲವತ್ತು ಮಂದಿಯ ಮುಂದೆ ಬಸಲಿಂಗಪ್ಪ ಅವನನ್ನು ಎದ್ದು ನಿಲ್ಲಿಸಿ, “ನಿನಗ ಈ ಪ್ಯಾಟ್ಯಾಗ ಜಾಗಾ ಕೊಟ್ಟಿದ್ದ ನಮ್ಮ ತಪ್ಪು” ಅಂದಿದ್ದ. ನಿನಗ ಅನ್ನುವ ಮಾತಿನ ಮೇಲೆ ಅವನು ಹಾಕಿದ ಒತ್ತು ಎಲ್ಲರಿಗೂ ಕೇಳಿತ್ತು. ಹನುಮಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿದ್ದ. ಆಮೇಲೆ ಇಬ್ಬರೂ ಎದುರುಬದುರು ಕೂತು ಒಬ್ಬರ ಮುಖ ಒಬ್ಬರು ನೋಡದೆ ದಿನ ದೂಡುತ್ತಿದ್ದರು. ಹನುಮಪ್ಪನ ಹತ್ತಿರ ಸೈಕಲ್ ಕೊಳ್ಳುವುದಂತೂ ದೂರದ ಮಾತು, ಬೈಲಹೊಂಗಲದ ವಿಳಾಸ ಕೊಟ್ಟರೆ ಪಾರ್ಸಲ್ಲು ಅವನ ಕೈಯಿಂದಲೇ ಬರಬೇಕಿತ್ತು.

ಹತ್ತೂವರೆಗೆ ವ್ಯಾನು ಬಂತು. ಬಸಲಿಂಗಪ್ಪ ಪಾರ್ಸಲ್ಲಿನ ಡಬ್ಬಿಯನ್ನು ಹಾಗೇ ತನ್ನ ಕಾರಿಗೆ ಹಾಕಲು ಹೋದ. ಸುಭಾಸ ಬಿಡಲಿಲ್ಲ. “ಬಿಚ್ಚಿ ನೋಡು. ಅಲ್ಲಿ ಹೋಗಿ ಬಿಚ್ಚಿದ ಮ್ಯಾಲ ಏನರ ಇರಲಿಲ್ಲಂದ್ರ?”

ಬಿಚ್ಚಿದರು. ಹ್ಯಾಂಡಲ್ ಇತ್ತು, ಸೀಟು ಇತ್ತು, ಮುಂದಿನ ಗಾಲಿ ಇತ್ತು. ಹಿಂದಿನ ಗಾಲಿ ಒಂದೇ ಇತ್ತು. ಹಿಂದಿನ ಎರಡು ಗಾಲಿಗಳನ್ನು ಕೂಡಿಸುವ ಕಬ್ಬಿಣದ ಸಳಿ ನಡುವೆ ಬಾಗಿತ್ತು. ಡಬ್ಬಿಯನ್ನು ಬೋರಲು ಹಾಕಿ ಬಡಿದರು, ಥರ್ಮಾಕೋಲಿನ ಚೂರು ಉದುರಿದವು. ಫೋನಿನಲ್ಲಿ ದೂರು ಕೊಟ್ಟರೆ, ಬದಲಿ ಸೈಕಲ್ಲು ಇಪ್ಪತ್ತೊಂಬತ್ತಕ್ಕೆ ಬರುತ್ತದೆ ಅಂತ ಉತ್ತರ ಬಂತು.

“ಇಪ್ಪತ್ತೊಂಬತ್ತಕ್ಕ ಬಂದ್ರ ನಾ ಏನ್ ಮಾಡ್ಲಿ ಅದನ್ನ?” ಬಸಲಿಂಗಪ್ಪ ಫೋನಿಗೇ ಬೈದ.

ಕಿತ್ತೂರಿನಲ್ಲಿದ್ದ ಒಂದೇ ಸೈಕಲ್ ಅಂಗಡಿಗೆ ಬೀಗ ಬಿದ್ದಿತ್ತು. ಮುರುಕು ಸೈಕಲ್ಲನ್ನು ಡಬ್ಬಿಯ ಸಮೇತ ಗಾಡಿಯ ಹಿಂದೆ ತುರುಕಿ ಅವನು ಬೈಲಹೊಂಗಲಕ್ಕೆ ಹೊರಟ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು, ಒಂದನ್ನು ದಾಟಿದರೆ ಮುಂದೆ ಇನ್ನೊಂದು. ಹಾರ್ನ್ ಹೊಡೆದು ಹೊಡೆದು ಅವನ ಅಂಗೈ ಕೆಂಪಾಯಿತು. ಬಜಾರಿನಲ್ಲಿ ಹನುಮಪ್ಪನ ಅಂಗಡಿಯ ಮುಂದೆ ಗಾಡಿ ತಾನಾಗಿ ನಿಧಾನವಾಯಿತು. ಒಳಗೆ ಸರಿಗೆಗೆ ನೇತುಹಾಕಿದ ಗಾಲಿಗಳು ಕಂಡವು. ಹನುಮಪ್ಪ ತಲೆ ಬಗ್ಗಿಸಿ ಯಾವುದೋ ಚೈನಿಗೆ ಎಣ್ಣೆ ಬಿಡುತ್ತಿದ್ದ. ಬಸಲಿಂಗಪ್ಪ ಕಾಲು ಒತ್ತಿ ಗಾಡಿ ಮುಂದೆ ಬಿಟ್ಟ.

ಮನೆಯ ಮುಂದೆ ಗುರುಬಸವ್ವ ತಯಾರಾಗಿ ನಿಂತಿದ್ದಳು. ಮಗಳಿಗೆ ಉಡಿ ತುಂಬುವ ಸಾಮಾನಿನ ಚೀಲ, ಇಳಕಲ್ಲ ಸೀರಿ, ಒಂದು ಡಬ್ಬಿ ಶೇಂಗಾದ ಹೋಳಿಗೆ. ರಾಮದುರ್ಗಕ್ಕೆ ಹೋಗುವ ಮಾತು ಅವಳಿಗೆ ಹಿಂದಿನ ದಿನವಷ್ಟೇ ಗೊತ್ತಾಗಿತ್ತು. ರಾತ್ರಿಯೆಲ್ಲ ಅವಳಿಗೆ ನಿದ್ದೆ ಹತ್ತಿರಲಿಲ್ಲ.

“ಸೌದತ್ತಿ ಮ್ಯಾಲಿಂದ ಹೋಗೂಣು,” ಅಂದ ಬಸಲಿಂಗಪ್ಪ, ಅವಳು ಗಾಡಿ ಹತ್ತಿ ಕೂತ ಮೇಲೆ. “ಅಲ್ಲೊಂದು ಗಾಲಿ ತಗೋಬೇಕು.”

“ಏನ್ ಗಾಲಿ?”

ಅವನು ಹೇಳಿದ. ಸೈಕಲ್ಲು, ಸುಭಾಸನ ವಿಳಾಸ, ಬಾಗಿದ ಸಳಿ. ಗುರುಬಸವ್ವ ಹಿಂದೆ ತಿರುಗಿ ಡಬ್ಬಿಯನ್ನು ನೋಡಿದಳು. ಬೋರ್ಡು ಬರೆಸಿದವನು ಇದನ್ನು ತರಿಸಿದ್ದಾನೆ ಅನ್ನುವುದು ಅವಳಿಗೆ ನಗು ತರಿಸಬೇಕಿತ್ತು. ನಗು ಬರಲಿಲ್ಲ. ಹೊರಗೆ ನೋಡುತ್ತ ಕೂತಳು.

ಸೌದತ್ತಿ ಮುಟ್ಟುವಾಗ ಒಂದೂವರೆ. ಎಲ್ಲಮ್ಮನ ಗುಡ್ಡಕ್ಕೆ ಹೊರಟ ಗಾಡಿಗಳಿಂದ ಊರೊಳಗೆ ಕಾಲಿಡಲು ಜಾಗವಿರಲಿಲ್ಲ. ಗಾಡಿ ಎಲ್ಲೋ ನಿಲ್ಲಿಸಿ, ಬಿಸಿಲಲ್ಲಿ ನಡೆದು ಎರಡು ಅಂಗಡಿ ತಿರುಗಿದರು. ಮೊದಲನೆಯದರಲ್ಲಿ ದೊಡ್ಡವರ ಸೈಕಲ್ ಬಿಟ್ಟರೆ ಏನೂ ಇರಲಿಲ್ಲ. ಎರಡನೆಯ ಅಂಗಡಿಯವನು ಊಟ ಮಾಡುತ್ತಿದ್ದವನು ಎಡಗೈಯಿಂದ ಅವರಿಗೆ ಸ್ಟೂಲು ಸರಿಸಿದ.

“ಸಣ್ಣ ಮಕ್ಕಳ ಸೈಕಲ್ ತರಸೂದ ಬಿಟ್ಟ ಎರಡು ವರ್ಷಾತ್ರಿ,” ಅಂದ. “ಜನಾ ಬರತಾರ, ಕೂಸಿನ್ನ ಮ್ಯಾಲ ಕುಂಡ್ರಿಸಿ ಅಳತಿ ನೋಡತಾರ, ಮನಿಗೆ ಹೋಗಿ ಫೋನ್‌ನ್ಯಾಗ ತರಸತಾರ. ಗಾಲಿ ಒಂದ ಅಂದ್ರ ಎಲ್ಲಿಂದ ತರ್ಲಿ ಹೇಳ್ರಿ?” ಒಂದು ತುತ್ತು ನುಂಗಿ ಮತ್ತೆ ಅಂದ, “ಬೈಲಹೊಂಗಲದಾಗ ಹನುಮಪ್ಪ ಅಂತ ಒಬ್ಬ ಅದಾನ್ರಿ. ಹಳೇ ಸೈಕಲ್ ಬಿಚ್ಚಿ ಗಾಲಿ ತಗದ ಇಟ್ಟಿರತಾನ. ನಾನೂ ಅವನ ಕಡೆನ ಕಳಸತೇನಿ ಜನಾನ್ನ.”

ಹೊರಗೆ ಬಂದ ಮೇಲೆ ಬಸಲಿಂಗಪ್ಪ ಗಾಡಿಯ ಕೀಲಿಯನ್ನು ಬೆರಳಲ್ಲಿ ತಿರುವುತ್ತ ನಿಂತ. “ರಾಮದುರ್ಗದಾಗ ಸಿಗಬಹುದು. ಅಲ್ಲೇ ನೋಡೂಣು.”

“ಸಿಗಲಿಲ್ಲಂದ್ರ?”

“ಸಿಗಲಿಲ್ಲಂದ್ರ… ಇವತ್ತ ಬ್ಯಾಡ. ಸೈಕಲ್ ಬದಲಿ ಬಂದ ಮ್ಯಾಲ ಹೋದ್ರಾತು. ಬರಿಗೈಲೆ ಹೆಂಗ ಹೋಗೂದು?”

ಗುರುಬಸವ್ವ ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡಳು. ನಡುಬೀದಿ ಅನ್ನುವುದನ್ನು ನೋಡದೆ ದನಿ ಎತ್ತಿದಳು.

“ನಾಲ್ಕು ವರ್ಷ ಒಲಿ ಮುಂದ ನಿಂತು ಪಿಸಪಿಸ ಮಾತಾಡೇನಿ ನಾ. ನೀವು ಬಂದ ಸಪ್ಪಳಾತಂದ್ರ ಫೋನ್ ಹಿಟ್ಟಿನ ಡಬ್ಬ್ಯಾಗ ಇಟ್ಟೇನಿ. ಅಕಿ ಹಡದಾಗ ಮುರಗೋಡ ಮಠಕ್ಕ ಹೊಂಟೇನಿ ಅಂತ ಸುಳ್ಳ ಹೇಳಿ ಹೋಗಿ ಕೂಸಿನ ಮಾರಿ ನೋಡಿ ಬಂದೇನಿ. ಈಗ ನೀವೂ ಮುಚ್ಚಿಡಾಕ ಸುರು ಮಾಡೀರಿ. ಮುಚ್ಚಿಟ್ಟು ಕೊಡೂದಾದ್ರ ಆ ಕೂಸಿಗೆ ಏನೂ ಕೊಡಬ್ಯಾಡ್ರಿ.”

ಮುರಗೋಡದ ಮಾತು ಅವನಿಗೆ ಗೊತ್ತಿರಲಿಲ್ಲ. “ಮೆಲ್ಲಕ ಮಾತಾಡು,” ಅಂದ.

“ಗಾಡಿ ತಿರುವ್ರಿ. ಹನುಮಪ್ಪನ ಅಂಗಡಿಗೆ ನಡೀರಿ. ಇಲ್ಲಂದ್ರ ನಾ ಇಲ್ಲೇ ಬಸ್ ಹತ್ತತೇನಿ, ನಿಮಗ ಬ್ಯಾಡಾದ್ರ ನಾ ಒಬ್ಬಾಕಿನ ಹೋಗತೇನಿ.”

ಅವಳು ಬಸ್ ಸ್ಟ್ಯಾಂಡಿನ ಕಡೆ ನಾಲ್ಕು ಹೆಜ್ಜೆ ಹಾಕಿಯೂ ಬಿಟ್ಟಿದ್ದಳು. ಬಸಲಿಂಗಪ್ಪ ಓಡಿಹೋಗಿ ಅವಳ ಕೈಯಿಂದ ಚೀಲ ಇಸಿದುಕೊಂಡ.

ಬಂದ ದಾರಿಯಲ್ಲೇ ಗಾಡಿ ಹಿಂದಕ್ಕೆ ಓಡಿತು. ಗಡಿಯಾರದ ಕಡೆ ನೋಡಬಾರದು ಅಂದುಕೊಂಡಷ್ಟೂ ಅವನ ಕಣ್ಣು ಅಲ್ಲೇ ಹೋಗುತ್ತಿತ್ತು. ಏಳಕ್ಕೆ ಚರ್ಚಿನಲ್ಲಿ ಪ್ರಾರ್ಥನೆ, ಅದಕ್ಕೆ ಮೊದಲು ಬರಬೇಕು ಅಂತ ಮಧು ಗುರುಬಸವ್ವನಿಗೆ ಫೋನಿನಲ್ಲಿ ಹೇಳಿದ್ದಳು. ಹನುಮಪ್ಪ ಗಾಲಿ ಇಲ್ಲ ಅಂದರೆ? ಇದ್ದೂ ಇಲ್ಲ ಅಂದರೆ? ಹಾಗೆ ಅನ್ನುವ ಹಕ್ಕು ಅವನಿಗಿದೆ ಅನ್ನುವುದು ಬಸಲಿಂಗಪ್ಪನಿಗೆ ಈಗ ಹೊಳೆಯಿತು.

ಮೂರು ಗಂಟೆಗೆ ಗಾಡಿ ಹನುಮಪ್ಪನ ಅಂಗಡಿಯ ಮುಂದೆ ನಿಂತಿತು. ಬಸಲಿಂಗಪ್ಪ ಡಬ್ಬಿ ಹೊತ್ತುಕೊಂಡು ಇಳಿದ. ಡಬ್ಬಿಯ ನಾಲ್ಕೂ ಮೈಮೇಲೆ ಕಂಪನಿಯ ಹೆಸರು ದೊಡ್ಡ ಅಕ್ಷರದಲ್ಲಿ ಅಚ್ಚಾಗಿತ್ತು. ಪಕ್ಕದ ಬಳೆ ಅಂಗಡಿಯ ಸೀತವ್ವ ಗಿರಾಕಿಯ ಕೈ ಹಿಡಿದವಳು ಹಾಗೇ ಹಿಡಿದುಕೊಂಡು ನೋಡಿದಳು.

ಹನುಮಪ್ಪ ಎದ್ದು ನಿಂತ. ನಲವತ್ತೈದರ ಗಟ್ಟಿ ಆಳು. ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನಾ ಕೆಳಗಿಡಲಿಲ್ಲ. “ಏನ್ರಿ?”

“ಇದರದು ಒಂದು ಗಾಲಿ ಇಲ್ಲ. ಸಳಿ ಬಾಗೈತಿ.”

ಹನುಮಪ್ಪ ಡಬ್ಬಿಯ ಮೇಲಿನ ಹೆಸರು ನೋಡಿದ, ವಿಳಾಸದ ಚೀಟಿ ನೋಡಿದ. ಕಿತ್ತೂರು ಅನ್ನುವುದನ್ನು ಎರಡು ಸಲ ಓದಿದಂತೆ ಕಂಡಿತು. ಸೈಕಲ್ಲಿನ ಭಾಗಗಳನ್ನು ಒಂದೊಂದಾಗಿ ನೆಲದ ಮೇಲೆ ಹರವಿ, ಸಳಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದ.

“ಇದನ್ನ ನೆಟ್ಟಗ ಮಾಡಿದ್ರ ಮುರೀತೈತಿ. ಬ್ಯಾರೇದ ಹಾಕಬೇಕು. ಗಾಲಿ ಇದ ಅಳತೀದು ಸಿಗೂದಿಲ್ಲ. ಹಿಂದಿನ ಎರಡೂ ಬದಲಿ ಮಾಡತೇನಿ, ಹಳೇವು ಅದಾವು, ಗಟ್ಟಿ ಅದಾವು. ಒಂದೂವರೆ ತಾಸು ಬೇಕು. ಇಟ್ಟು ಹೋಗ್ರಿ.”

ಇಟ್ಟು ಹೋಗು ಅಂದದ್ದು ಬಸಲಿಂಗಪ್ಪನಿಗೆ ಬಾಗಿಲು ತೆರೆದುಕೊಟ್ಟ ಹಾಗಿತ್ತು. ಎದುರಿನ ತನ್ನ ಅಂಗಡಿಯಲ್ಲಿ ಹೋಗಿ ಕೂತರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಅವನು ಹೆಂಡತಿಯನ್ನು ನೋಡಿದ. ಅವಳು ಗಾಡಿಯಿಂದ ಇಳಿದು, ಸೀತವ್ವನ ಅಂಗಡಿಯ ಕಟ್ಟೆಯ ಮೇಲೆ ಕೂತು, ಬಾಟಲಿಯಿಂದ ನೀರು ಕುಡಿಯುತ್ತಿದ್ದಳು.

“ಇಲ್ಲೇ ಕುಂಡ್ರತೇನಿ,” ಅಂದ.

ಹನುಮಪ್ಪ ಒಂದು ಸ್ಟೂಲು ತೋರಿಸಿದ. ಅದು ಅಂಗಡಿಯ ಒಳಗಿರಲಿಲ್ಲ, ರಸ್ತೆಯ ಮೇಲೇ ಇತ್ತು.

ಕೂತ ಹತ್ತು ನಿಮಿಷಕ್ಕೆ ಮೊದಲ ಗಿರಾಕಿ ಬಂದ, ಕಿರಾಣಿ ಅಂಗಡಿಯವನು. “ಏನ್ ಬಸಲಿಂಗಪ್ಪನವರ, ಇಲ್ಲೆ?” ಬಸಲಿಂಗಪ್ಪ “ಹಿಂಗ ಬಂದಿದ್ದೆ” ಅಂದ. ಆಮೇಲೆ ಪಾತ್ರೆ-ಭಾಂಡೆ ಅಂಗಡಿಯವನು ಬಂದು ಡಬ್ಬಿಯ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿ ಹಲ್ಲು ಕಿರಿದ. “ಯಾರ ಮಾಲ್ರಿ ಇದು?” ಹನುಮಪ್ಪ ಹೊಸ ಸಳಿಯನ್ನು ಅರದಿಂದ ಉಜ್ಜುತ್ತಿದ್ದ. ಅವನ ಕೈ ನಿಧಾನವಾಯಿತು. ತಲೆ ಮಾತ್ರ ಎತ್ತಲಿಲ್ಲ.

“ನಂದ,” ಅಂದ ಬಸಲಿಂಗಪ್ಪ. ಮತ್ತೊಮ್ಮೆ ಗಟ್ಟಿಯಾಗಿ ಅಂದ, “ನಾನ ತರಸೇನಿ. ಮೊಮ್ಮಗಳಿಗೆ.”

“ಮೊಮ್ಮಗಳು?”

“ನಮ್ಮ ಮಧುನ ಮಗಳು. ರಾಮದುರ್ಗದಾಗ ಅದಾರ. ರೂತ್ ಅಂತ ಹೆಸರು. ನಾಳೆ ಅವರ ಹಬ್ಬ.”

ಭಾಂಡೆಯವನು “ಛಲೋ ಆತ ಬಿಡ್ರಿ” ಅಂದು ಹೊರಟುಹೋದ. ಅವನ ಬಾಯಿಂದ ಸುದ್ದಿ ಬಜಾರಿನ ಆ ತುದಿ ಮುಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕೆಲವರು ದೂರದಲ್ಲೇ ನಿಂತು ನೋಡಿದರು. ಒಬ್ಬ ನಕ್ಕ. ಬಸಲಿಂಗಪ್ಪನಿಗೆ ಎದ್ದು ಹೋಗಬೇಕು ಅನ್ನಿಸಿತು. ಹೋಗಲಿಲ್ಲ. ಸೀತವ್ವ ಎದ್ದು ಬಂದು, ನಾಲ್ಕು ಸಣ್ಣ ಹಸಿರು ಬಳೆಗಳನ್ನು ಗುರುಬಸವ್ವನ ಕೈಯಲ್ಲಿಟ್ಟು, “ಕೂಸಿಗೆ ನಂದೂ ಇರ್ಲಿ ಬೇ” ಅಂದಳು.

ಜನ ಚದುರಿದ ಮೇಲೆ ಬಸಲಿಂಗಪ್ಪ ದನಿ ತಗ್ಗಿಸಿದ. “ಹನುಮಪ್ಪಾ, ಅವತ್ತು ಮೀಟಿಂಗ್‌ನ್ಯಾಗ ನಾ ಹಂಗ ಅನಬಾರದಿತ್ತು.”

ಹನುಮಪ್ಪ ಗಾಲಿಯ ನಟ್ಟು ಬಿಗಿದ. ಇನ್ನೊಂದು ಸುತ್ತು ಬಿಗಿದ. “ಬೈದದ್ದು ನಲವತ್ತು ಮಂದಿ ಮುಂದ್ರಿ. ಈ ಮಾತು ನನ್ನ ಕಿವ್ಯಾಗ ಅಷ್ಟ ಹೇಳಾಕತ್ತೀರಿ.”

ಬಸಲಿಂಗಪ್ಪ ಎದುರಿನ ತನ್ನ ಅಂಗಡಿಯ ಬೋರ್ಡಿನ ಕಡೆ ನೋಡಿದ.

“ಪಾರ್ಸಲ್ ಹಂಚೂದು ತಪ್ಪ ಅಂದಿದ್ರ ಸುಮ್ನಿರತಿದ್ದೆ,” ಅಂದ ಹನುಮಪ್ಪ. “ಅದರ ಬಗ್ಗೆ ಜಗಳಾ ಆಡಬಹುದು. ಜಾಗಾ ಕೊಟ್ಟಿದ್ದು ಅಂದ್ರಿ. ಈ ಅಂಗಡಿ ನಮ್ಮವ್ವ ಕೆಂಪವ್ವ ಹನ್ನೆರಡು ವರ್ಷ ಕೂಲಿ ಮಾಡಿ ತಗೊಂಡದ್ದು. ಯಾರೂ ಕೊಟ್ಟಿಲ್ರಿ.”

“ಹೌದು,” ಅಂದ ಬಸಲಿಂಗಪ್ಪ. ಬೇರೆ ಏನು ಅಂದರೂ ಅದು ಸಣ್ಣದಾಗುತ್ತಿತ್ತು. “ಸೋಮವಾರ ಮೀಟಿಂಗ್ ಐತಿ. ಎಲ್ಲಾರ ಮುಂದ ಹೇಳತೇನಿ.”

ಹೇಳಿದ ಕೂಡ. ಸೋಮವಾರ ಎದ್ದು ನಿಂತು, ಆಗಸ್ಟಿನಲ್ಲಿ ತಾನಾಡಿದ್ದು ತಪ್ಪು ಅಂದ; ಸೈಕಲ್ ತರಿಸಿದ್ದನ್ನೂ ಹೇಳಿ, ಕಾರ್ಯದರ್ಶಿಯ ಕೆಲಸ ಬಿಟ್ಟ. ಹನುಮಪ್ಪ ಆ ಮೀಟಿಂಗಿಗೆ ಬಂದಿರಲಿಲ್ಲ. ಕೇಳಿದವರು ಹೋಗಿ ಅವನಿಗೆ ಹೇಳಿದರು. ಮಾರನೆಯ ದಿನ ಬೆಳಿಗ್ಗೆ ಅಂಗಡಿ ತೆರೆಯುವಾಗ ಅವನು ಈ ಕಡೆ ನೋಡಿ ತಲೆ ಆಡಿಸಿದ, ಅಷ್ಟೇ. ಸ್ನೇಹ ಅನ್ನುವಂಥದ್ದೇನೂ ಅವರ ನಡುವೆ ಬೆಳೆಯಲಿಲ್ಲ.

ಆದರೆ ಅದು ಆಮೇಲಿನ ಮಾತು. ಅಂದು ನಾಲ್ಕೂ ಮುಕ್ಕಾಲಿಗೆ ಹನುಮಪ್ಪ ಸೈಕಲ್ಲನ್ನು ನೆಲಕ್ಕೆ ಬಿಟ್ಟು ಅಂಗೈಯಿಂದ ಒತ್ತಿ ನೋಡಿದ. ಹಿಂದಿನ ಗಾಲಿಗಳು ನೀಲಿ, ಮುಂದಿನದು ಕಪ್ಪು. “ಬಣ್ಣಾ ಕೂಡಲಿಲ್ರಿ,” ಅಂದ. “ಓಡತೈತಿ ಮಾತ್ರ.” ಕೇಳಿದ ಕೂಲಿ ತಗೊಂಡ, ಒಂದು ರೂಪಾಯಿ ಬಿಡಲಿಲ್ಲ, ಒಂದು ರೂಪಾಯಿ ಹೆಚ್ಚಿಗೆ ಮುಟ್ಟಲಿಲ್ಲ.

ಮತ್ತೆ ಸೌದತ್ತಿ, ಮತ್ತೆ ಗುಡ್ಡದ ಗಾಡಿಗಳು. ಹೂಲಿಯ ಕ್ರಾಸ್ ದಾಟುವಾಗ ಹೊತ್ತು ಮುಳುಗಿತ್ತು. ಗುರುಬಸವ್ವ ಎರಡು ಸಲ ಮಗಳಿಗೆ ಫೋನು ಹಚ್ಚಿದಳು, ಎತ್ತಲಿಲ್ಲ. ರಾಮದುರ್ಗದಲ್ಲಿ ಆಸ್ಪತ್ರೆಯ ಹಿಂದಿನ ಓಣಿಗೆ ಬಂದಾಗ ಏಳಕ್ಕೆ ಹತ್ತು ನಿಮಿಷ. ಯಾವ ಮನೆ ಅಂತ ಕೇಳುವ ಅವಶ್ಯಕತೆ ಬೀಳಲಿಲ್ಲ. ಒಂದೇ ಬಾಗಿಲಲ್ಲಿ ಕಾಗದದ ನಕ್ಷತ್ರ ಬೆಳಗುತ್ತಿತ್ತು, ಅದರ ಕೆಳಗೆ ಮಧು ಬಾಗಿಲಿಗೆ ಕೀಲಿ ಹಾಕುತ್ತಿದ್ದಳು.

ಗಾಡಿಯ ಬೆಳಕಿಗೆ ತಿರುಗಿದಳು. ಕಣ್ಣಿಗೆ ಕೈ ಅಡ್ಡ ಹಿಡಿದಳು. ಇಳಿದವರನ್ನು ನೋಡಿ ಕೀಲಿ ಹಿಡಿದ ಕೈ ಹಾಗೇ ನಿಂತಿತು.

“ಬಂದ್ರಿ?” ಅಂದಳು.

“ಬಂದ್ವಿ,” ಅಂದ ಬಸಲಿಂಗಪ್ಪ. “ತಡಾ ಆತು.”

“ನೀವು ಬರೂದಿಲ್ಲ ಅಂತ ಮಾಡಿದ್ದೆ. ಅವ್ವನ ಫೋನ್ ಬಂದ್ರೂ ಎತ್ತಲಿಲ್ಲ. ಬರೂದಿಲ್ಲ ಅಂತ ಹೇಳಾಕ ಹಚ್ಚಿದ್ಲು ಅಂತ…” ಗುರುಬಸವ್ವ ಹೋಗಿ ಮಗಳ ತಲೆಯನ್ನು ಹೆಗಲಿಗೆ ಒತ್ತಿಕೊಂಡಳು. ಜಯಶೀಲ, ತೆಳ್ಳಗಿನ ಎತ್ತರದ ಹುಡುಗ, ಮುಂದೆ ಬಂದು, “ಒಳಗ ಬರ್ರಿ ಮಾವಾರ” ಅಂದ. ಬಸಲಿಂಗಪ್ಪ ಅವನ ಮುಖ ನೋಡಿದ. ನಾಲ್ಕು ವರ್ಷ ಕಲ್ಪನೆಯಲ್ಲಿ ಬೈದ ಮುಖ ಇದಲ್ಲ ಅನ್ನಿಸಿತು.

ರೂತ್ ಅಪ್ಪನ ಕಾಲಿನ ಹಿಂದಿದ್ದಳು. ಅಜ್ಜನನ್ನು ನೋಡಲೇ ಇಲ್ಲ, ಸೈಕಲ್ಲನ್ನು ನೋಡಿದಳು. ಓಡಿಬಂದು ಹತ್ತಿ ಕೂತಳು. ಪೆಡಲ್ಲಿಗೆ ಕಾಲು ಎಟುಕಲಿಲ್ಲ.

“ನೂಕು,” ಅಂದಳು.

ಬಸಲಿಂಗಪ್ಪ ಬಗ್ಗಿದ. ಓಣಿಯ ಕಲ್ಲುಗಳ ಮೇಲೆ ಕಟಕಟ ಸದ್ದು ಮಾಡುತ್ತ ಸೈಕಲ್ಲು ಹೊರಟಿತು. ಚರ್ಚು ಅಲ್ಲಿಂದ ನೂರು ಹೆಜ್ಜೆ. ಬೆನ್ನು ಹಿಡಿದುಕೊಂಡರೂ ನೂಕಿಕೊಂಡೇ ನಡೆದ. ಗೇಟಿನ ಹತ್ತಿರ ಬಂದಾಗ ಒಳಗೆ ಹಾಡು ಶುರುವಾಗಿತ್ತು. “ನೀವು ಹೋಗ್ರಿ, ನಾ ಹೊರಗ ಇರತೇನಿ,” ಅಂದ. ಮಧು ಒತ್ತಾಯ ಮಾಡಲಿಲ್ಲ. ಎಲ್ಲರೂ ಒಳಗೆ ಹೋದರು.

ಅವನು ಗೇಟಿನಿಂದ ಬೇವಿನ ಗಿಡದವರೆಗೆ, ಗಿಡದಿಂದ ಗೇಟಿನವರೆಗೆ ನಡೆದಾಡಿದ. ಫೋನು ತೆಗೆದ, ನೋಡುವಂಥದ್ದು ಏನೂ ಇರಲಿಲ್ಲ, ಕಿಸೆಗೆ ಹಾಕಿದ. ಗಾಳಿಗೆ ಚಳಿ ಏರಿತ್ತು. ಕೊನೆಗೆ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತ. ಹಿಂದಿನ ಸಾಲಿನಲ್ಲಿ ಕಂಬಳಿ ಹೊದ್ದಿದ್ದ ಒಬ್ಬಳು ಮುದುಕಿ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಪಕ್ಕಕ್ಕೆ ಸರಿದಳು.

“ಕುಂಡ್ರಪಾ, ಎಷ್ಟೊತ್ತು ನಿಂದ್ರತಿ,” ಅಂದಳು.

ಅವನು ಕೂತ.